ಗೆದ್ದ ಡಿಸ್ಕು, ಸೋತ ನೋಡುಗ

2007ರ ಡಿಸೆಂಬರ್. ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ನಾನು ಒಂದು ಸಂಜೆ ಅಳಿಯನ ಜತೆ ಎಲೆಕ್ಟ್ರಾನಿಕ್ಸ್ ಮಳಿಗೆಯೊಂದನ್ನು ಹೊಕ್ಕೆ. ಹೊಸ ಟಿ.ವಿ.ಗೆ ತಕ್ಕ ಪ್ಲೇಯರ್ ಕೊಳ್ಳಬೇಕಿತ್ತು. ಅಲ್ಲಿ ಸಿನಿಮಾ ಪ್ರಪಂಚವೇ ಎರಡು ಹೋಳಾಗಿ ನಿಂತಿತ್ತು. ಒಂದು ಸಾಲಿನಲ್ಲಿ ಕೆಂಪು ಪೆಟ್ಟಿಗೆಗಳು, ಅವು ಎಚ್‌ಡಿ ಡಿವಿಡಿ. ಎದುರು ಸಾಲಿನಲ್ಲಿ ನೀಲಿ ಪೆಟ್ಟಿಗೆಗಳು, ಅವು ಬ್ಲೂ-ರೇ. ಒಂದರ ಡಿಸ್ಕ್ ಇನ್ನೊಂದರ ಯಂತ್ರದಲ್ಲಿ ಓಡುತ್ತಿರಲಿಲ್ಲ. "ಯಾವುದು ತಗೊಳ್ಳೋಣ ಮಾವ?" ಎಂದು ಅಳಿಯ ಕೇಳಿದರು. ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಬರಿಗೈಯಲ್ಲಿ ಮನೆಗೆ ಮರಳಿದೆವು.

ತಂತ್ರಜ್ಞಾನದ ದೃಷ್ಟಿಯಿಂದ ಇವೆರಡೂ ದಾಯಾದಿಗಳು. ಡಿವಿಡಿಯನ್ನು ಓದುವುದು 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್. ಇವೆರಡೂ ಬಳಸಿದ್ದು 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರನ್ನು. ತರಂಗಾಂತರ ಕಿರಿದಾದಷ್ಟೂ ಬೆಳಕಿನ ಚುಕ್ಕೆ ಸಣ್ಣದಾಗುತ್ತದೆ, ಅಷ್ಟೇ ಜಾಗದಲ್ಲಿ ಹೆಚ್ಚು ಮಾಹಿತಿ ಅಡಕವಾಗುತ್ತದೆ. ವ್ಯತ್ಯಾಸವಿದ್ದದ್ದು ಮಾಹಿತಿಯನ್ನು ಮುಚ್ಚುವ ಪಾರದರ್ಶಕ ಹೊದಿಕೆಯಲ್ಲಿ. ತೋಷಿಬಾ ಮುಂದಾಳತ್ವದ ಎಚ್‌ಡಿ ಡಿವಿಡಿ, ಹಳೆಯ ಡಿವಿಡಿಯಂತೆಯೇ 0.6 ಮಿಲಿಮೀಟರ್ ದಪ್ಪದ ಹೊದಿಕೆಯನ್ನು ಉಳಿಸಿಕೊಂಡಿತು. ಹೀಗಾಗಿ ಇದ್ದ ಕಾರ್ಖಾನೆಗಳಲ್ಲೇ ಅಲ್ಪಸ್ವಲ್ಪ ಮಾರ್ಪಾಟಿನೊಂದಿಗೆ ಅದನ್ನು ತಯಾರಿಸಬಹುದಿತ್ತು. ಸೋನಿ, ಪ್ಯಾನಸಾನಿಕ್ ಮೊದಲಾದವುಗಳ ಬ್ಲೂ-ರೇ ಹೊದಿಕೆಯನ್ನು 0.1 ಮಿಲಿಮೀಟರಿಗೆ ಇಳಿಸಿತು. ಅದಕ್ಕೆ ಹೊಸ ಯಂತ್ರಗಳು ಬೇಕಾದವು. ಆದರೆ ಒಂದು ಪದರದಲ್ಲಿ 15 ಗಿಗಾಬೈಟಿನ ಬದಲು 25 ಗಿಗಾಬೈಟ್ ಹಿಡಿಯಿತು.

ಈ ಕಲಹವನ್ನು ತಪ್ಪಿಸಲು ಸಾಧ್ಯವಿರಲಿಲ್ಲವೇ? ಸಾಧ್ಯವಿತ್ತು. 1970ರ ದಶಕದಲ್ಲಿ ಸೋನಿಯ ಬೀಟಾಮ್ಯಾಕ್ಸ್ ಮತ್ತು ಜೆವಿಸಿಯ ವಿಎಚ್‌ಎಸ್ ಕ್ಯಾಸೆಟ್‌ಗಳು ಹೊಡೆದಾಡಿಕೊಂಡ ಕಥೆ ಎಲ್ಲರಿಗೂ ನೆನಪಿತ್ತು. 1995ರಲ್ಲಿ ಸೋನಿ-ಫಿಲಿಪ್ಸ್ ಒಂದು ಕಡೆ, ತೋಷಿಬಾ ಬಳಗ ಇನ್ನೊಂದು ಕಡೆ ನಿಂತು ಮತ್ತೊಂದು ಯುದ್ಧಕ್ಕೆ ಸಜ್ಜಾದಾಗ, ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು ಒತ್ತಡ ಹೇರಿ ರಾಜಿ ಮಾಡಿಸಿದವು. ಆ ರಾಜಿಯ ಫಲವೇ ಡಿವಿಡಿ. ಆದರೆ 2005ರಲ್ಲಿ ಎರಡೂ ಬಣಗಳು ಮಾತುಕತೆಗೆ ಕುಳಿತು ಬರಿಗೈಯಲ್ಲಿ ಎದ್ದವು. 2006ರಲ್ಲಿ ಎರಡೂ ಡಿಸ್ಕ್‌ಗಳು ಮಾರುಕಟ್ಟೆಗಿಳಿದವು.

ಆಮೇಲಿನದು ಪಕ್ಷಾಂತರದ ರಾಜಕೀಯ. 2006ರ ನವೆಂಬರ್‌ನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 3 ಆಟದ ಯಂತ್ರದೊಳಗೇ ಬ್ಲೂ-ರೇ ಕುಳಿತಿತ್ತು. ಮಕ್ಕಳ ಆಟಕ್ಕೆಂದು ಕೊಂಡವರ ಮನೆಗೂ ಅದು ತಾನಾಗಿ ಪ್ರವೇಶಿಸಿತು. 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಸಂಸ್ಥೆ ಬ್ಲೂ-ರೇ ತೊರೆದು ಎದುರು ಪಾಳಯ ಸೇರಿತು. 2008ರ ಜನವರಿ 4ರಂದು ವಾರ್ನರ್ ಸಂಸ್ಥೆ, ಇನ್ನು ತನ್ನ ಚಿತ್ರಗಳು ಬ್ಲೂ-ರೇಯಲ್ಲಿ ಮಾತ್ರ ಎಂದು ಸಾರಿತು. ಮುಂದಿನ ತಿಂಗಳು ನೆಟ್‌ಫ್ಲಿಕ್ಸ್, ವಾಲ್‌ಮಾರ್ಟ್‌ಗಳೂ ಅತ್ತಲೇ ವಾಲಿದವು. ಫೆಬ್ರುವರಿ 19ರಂದು ತೋಷಿಬಾ ಶಸ್ತ್ರ ಕೆಳಗಿಟ್ಟಿತು.

ಈ ಇಡೀ ಪ್ರಹಸನದಲ್ಲಿ ನೋಡುಗನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನಂಥವರು ಒಂದು ಮಾತು ಹೇಳುತ್ತಿದ್ದೆವು. ಅಮೆರಿಕದಿಂದ ತಂದ ಡಿವಿಡಿ ಬೆಂಗಳೂರಿನ ಪ್ಲೇಯರ್‌ನಲ್ಲಿ ಓಡದಿದ್ದಾಗಿನ ಪೇಚಾಟ ಅನೇಕರಿಗೆ ಗೊತ್ತು. ಡಿವಿಡಿಯ ಲೆಕ್ಕದಲ್ಲಿ ಅಮೆರಿಕ ಒಂದನೇ ವಲಯ, ಭಾರತ ಐದನೆಯದು. ಬ್ಲೂ-ರೇಯಲ್ಲೂ ಮೂರು ವಲಯಗಳಿವೆ. ಅಮೆರಿಕ 'ಎ', ಭಾರತ 'ಸಿ'. ಸೋತ ಎಚ್‌ಡಿ ಡಿವಿಡಿಗೆ ಮಾತ್ರ ಇಂಥ ಬೇಲಿ ಇರಲಿಲ್ಲ. ಯುದ್ಧ ಮುಗಿದ ಮೇಲೆ ಅದೇ ಮಳಿಗೆಯಲ್ಲಿ ಕೆಂಪು ಪೆಟ್ಟಿಗೆಗಳನ್ನು ಕಡಿಮೆ ಬೆಲೆಗೆ ತೆರವು ಮಾಡುತ್ತಿದ್ದರು. ಅಳಿಯ ನಗುತ್ತಿದ್ದರೂ ಲೆಕ್ಕಿಸದೆ ನಾನು ಒಂದು ಪ್ಲೇಯರ್, ಆರು ಸಿನಿಮಾ ಕೊಂಡೆ. ಬೆಂಗಳೂರಿಗೆ ಬಂದ ಮೇಲೆ, ನಮ್ಮ ವಿದ್ಯುತ್ತನ್ನು ಅದರ 110 ವೋಲ್ಟಿಗೆ ಇಳಿಸಲು ಒಂದು ಟ್ರಾನ್ಸ್‌ಫಾರ್ಮರ್ ಜೋಡಿಸಿದೆ. ಚಿತ್ರ ಮೂಡಿತು.

ಕೋರ್ಟು ಕಚೇರಿಗಳ ಬಗ್ಗೆ ನಮ್ಮಲ್ಲೊಂದು ಗಾದೆಯಿದೆ: ಗೆದ್ದವನು ಸೋತ, ಸೋತವನು ಸತ್ತ. ಬ್ಲೂ-ರೇಯ ಗೆಲುವೂ ಹಾಗೆಯೇ ಆಯಿತು. ಎರಡು ಬಣಗಳು ಕಾದಾಡುತ್ತಿದ್ದಾಗಲೇ, 2007ರ ಜನವರಿಯಲ್ಲಿ, ಅಂಚೆಯಲ್ಲಿ ಡಿಸ್ಕ್ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಅಂತರ್ಜಾಲದ ಮೂಲಕ ನೇರವಾಗಿ ಚಿತ್ರ ತೋರಿಸಲಾರಂಭಿಸಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದು ಡಿಸ್ಕ್ ಸೇವೆಯನ್ನೇ ನಿಲ್ಲಿಸಿತು. 2025ರ ಫೆಬ್ರುವರಿಯಲ್ಲಿ ಸೋನಿ ಖಾಲಿ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಗೆ ಮಂಗಳ ಹಾಡಿತು. ಸಿನಿಮಾ ಡಿಸ್ಕ್‌ಗಳು ಇನ್ನೂ ಬರುತ್ತಿವೆ. ಆದರೆ ಅವು ಈಗ ಆಸಕ್ತರ ಸಂಗ್ರಹದ ವಸ್ತು.

ಡಿಸ್ಕಿನ ಕಾಲ ಮುಗಿದರೆ ನಷ್ಟವೇನು ಎಂದು ಕೇಳಬಹುದು. ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಂತರ್ಜಾಲ ತಾಣವೊಂದರಲ್ಲಿ ಹಳೆಯ ಚಿತ್ರವೊಂದನ್ನು ಬಾಡಿಗೆಗಲ್ಲ, ಪೂರ್ಣ ಬೆಲೆ ತೆತ್ತು 'ಖರೀದಿಸಿದೆ'. ಒಂದು ದಿನ ಅದು ನನ್ನ ಪಟ್ಟಿಯಿಂದ ಮಾಯವಾಗಿತ್ತು. ವಿಚಾರಿಸಿದರೆ, ಹಕ್ಕುದಾರರೊಂದಿಗಿನ ಒಪ್ಪಂದ ಮುಗಿದಿದೆ, ನೀವು ಕೊಂಡದ್ದು ಚಿತ್ರವನ್ನಲ್ಲ, ನೋಡುವ ಅನುಮತಿಯನ್ನು ಎಂಬ ವಿನಯಪೂರ್ವಕ ಉತ್ತರ ಬಂತು. ಅತ್ತ, ಸತ್ತುಹೋದ ತಂತ್ರಜ್ಞಾನದ ಆ ಆರು ಡಿಸ್ಕ್‌ಗಳು ಇಂದಿಗೂ ಓಡುತ್ತಿವೆ. ಅವುಗಳನ್ನು ಹಿಂಪಡೆಯುವ ಅಧಿಕಾರ ಯಾರಿಗೂ ಇಲ್ಲ. ಪ್ಲೇಯರ್ ಕೆಟ್ಟರೆ ರಿಪೇರಿ ಮಾಡುವವರು ಸಿಗಲಾರರು, ನಿಜ. ಆದರೆ ಅದು ನನ್ನ ಕಷ್ಟ, ಮತ್ತೊಬ್ಬರ ಮರ್ಜಿಯಲ್ಲ.

ಇದು ಒಬ್ಬ ನಿವೃತ್ತನ ಹವ್ಯಾಸದ ಮಾತಷ್ಟೇ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು; ಇಂದು ನೋಡೋಣವೆಂದರೆ ಅದರ ಪ್ರತಿ ಲಭ್ಯವಿಲ್ಲ. ಅನೇಕ ಕೈಗಳಲ್ಲಿ ಪ್ರತಿಗಳಿದ್ದರೆ ಒಂದಾದರೂ ಉಳಿದೀತು. ಒಂದೇ ಉಗ್ರಾಣದಲ್ಲಿದ್ದರೆ ಅದರ ಬಾಗಿಲು ಮುಚ್ಚಿದ ದಿನ ಎಲ್ಲವೂ ಮುಗಿಯಿತು. ಇಂದಿನ ನಮ್ಮ ಸಿನಿಮಾಗಳಲ್ಲಿ ಡಿಸ್ಕಿನ ಮುಖವನ್ನೇ ಕಾಣದೆ ನೇರವಾಗಿ ಅಂತರ್ಜಾಲದ ಉಗ್ರಾಣ ಸೇರುತ್ತಿರುವವು ಎಷ್ಟೋ. ಕೆಂಪೋ ನೀಲಿಯೋ ಎಂದು ಅಂದು ಅಳಿಯ ಕೇಳಿದ ಪ್ರಶ್ನೆಗೆ ಈಗ ನನ್ನ ಬಳಿ ಉತ್ತರವಿದೆ: ಬಣ್ಣ ಯಾವುದಾದರೂ ಸರಿ, ಮನೆಯ ಕಪಾಟಿನಲ್ಲಿ ಉಳಿಯುವಂಥದ್ದಾಗಿರಲಿ.