ಮಾತ್ರೆ ಮಾರಿದವನಿಗೇ ನಷ್ಟ

ಅಮೆರಿಕದಲ್ಲಿ ವಿಮೆ ಇರುವ ರೋಗಿ ವೈದ್ಯರ ಚೀಟಿ ಹಿಡಿದು ಔಷಧಿ ಅಂಗಡಿಗೆ ಬಂದರೆ ಮಾತ್ರೆಯ ದರ ನಿಗದಿ ಮಾಡುವವನು ಅಂಗಡಿಯವನಲ್ಲ. ಚೀಟಿಯ ವಿವರವನ್ನು ಕಂಪ್ಯೂಟರಿಗೆ ತುಂಬಿದ ಕ್ಷಣದಲ್ಲೇ ರೋಗಿ ಎಷ್ಟು ಕೊಡಬೇಕು, ಅಂಗಡಿಗೆ ಎಷ್ಟು ಸಲ್ಲುತ್ತದೆ ಎಂಬ ಉತ್ತರ ಬರುತ್ತದೆ. ಅದನ್ನು ಕಳಿಸುವುದು ಫಾರ್ಮಸಿ ಬೆನಿಫಿಟ್ ಮ್ಯಾನೇಜರ್, ಅಂದರೆ ಪಿಬಿಎಂ ಎಂಬ ಮಧ್ಯವರ್ತಿ ಕಂಪನಿ. ವಿಮಾ ಕಂಪನಿಗಳ ಮತ್ತು ಉದ್ಯೋಗದಾತರ ಪರವಾಗಿ ಯಾವ ಔಷಧಿಗೆ ವಿಮೆ ಸಲ್ಲಬೇಕೆಂದು ಪಟ್ಟಿ ಮಾಡುವುದು, ತಯಾರಕರೊಡನೆ ರಿಯಾಯಿತಿ ಚೌಕಾಸಿ ಮಾಡುವುದು, ಅಂಗಡಿಗಳಿಗೆ ಹಣ ಪಾವತಿಸುವುದು ಅದರ ಕೆಲಸ.

ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್‌ಆರ್‌ಎಕ್ಸ್ ಎಂಬ ಮೂರೇ ಕಂಪನಿಗಳು 2023ರಲ್ಲಿ ಆ ದೇಶದ ಸುಮಾರು 80% ಚೀಟಿಗಳನ್ನು ನಿರ್ವಹಿಸಿದವು. ಮೂರೂ ದೊಡ್ಡ ವಿಮಾ ಸಮೂಹಗಳ ಭಾಗ. ಮೂರಕ್ಕೂ ಸ್ವಂತ ಔಷಧಿ ಮಾರಾಟವೂ ಇದೆ. ಊರಿನ ಸಣ್ಣ ಅಂಗಡಿಗೆ ಎಷ್ಟು ಕೊಡಬೇಕೆಂದು ತೀರ್ಮಾನಿಸುವವರೇ ಅದರ ಪ್ರತಿಸ್ಪರ್ಧಿಗಳು. ಇಡೀ ವಿವಾದದ ಬೇರು ಇದು.

ಜೆನೆರಿಕ್ ಔಷಧಿಗಳಿಗೆ ಪಿಬಿಎಂಗಳು ಗರಿಷ್ಠ ದರಪಟ್ಟಿಯೊಂದನ್ನು ತಾವೇ ಸಿದ್ಧಪಡಿಸುತ್ತವೆ. ಸಗಟು ಬೆಲೆ ಏರಿದರೂ ಪಟ್ಟಿ ಬದಲಾಗದಿದ್ದರೆ ಅಂಗಡಿಯವನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗುತ್ತದೆ. ಪಿಬಿಎಂ ಜೊತೆಗಿನ ಒಪ್ಪಂದ ಬಿಟ್ಟರೆ ಗಿರಾಕಿಗಳೇ ಕೈತಪ್ಪುತ್ತಾರೆ. ಭಾರತದಲ್ಲಿ 2013ರ ಔಷಧಿ ಬೆಲೆ ನಿಯಂತ್ರಣ ಆದೇಶದಡಿ ಅಗತ್ಯ ಔಷಧಿಗಳ ಗರಿಷ್ಠ ಬೆಲೆಯಲ್ಲಿ ಚಿಲ್ಲರೆ ಮಾರಾಟಗಾರನ 16% ಪಾಲು ಸೇರಿಯೇ ಇರುತ್ತದೆ. ಅಮೆರಿಕದ ಅಂಗಡಿಯವನಿಗೆ ಅಂಥ ನಿಶ್ಚಿತ ಲೆಕ್ಕವಿಲ್ಲ.

ಪಿಬಿಎಂಗಳು ಹಣ ಮಾಡುವ ಇನ್ನೊಂದು ದಾರಿ, ವಿಮೆಯಿಂದ ಹೆಚ್ಚು ವಸೂಲಿ ಮಾಡಿ ಅಂಗಡಿಗೆ ಕಡಿಮೆ ಕೊಟ್ಟು ನಡುವಿನ ವ್ಯತ್ಯಾಸ ಇಟ್ಟುಕೊಳ್ಳುವುದು. ಬಡವರಿಗಾಗಿರುವ ಮೆಡಿಕೇಡ್ ಯೋಜನೆಯಲ್ಲಿ ಒಂದೇ ವರ್ಷಕ್ಕೆ ಈ ವ್ಯತ್ಯಾಸ ಸುಮಾರು 22.5 ಕೋಟಿ ಡಾಲರ್ ಆಗಿತ್ತೆಂದು 2018ರಲ್ಲಿ ಒಹಾಯೊ ರಾಜ್ಯದ ಲೆಕ್ಕ ಪರಿಶೋಧಕರು ಕಂಡುಕೊಂಡರು. ಅದು ತೆರಿಗೆದಾರರ ಹಣ.

ಅರ್ಕಾನ್ಸಾ ರಾಜ್ಯ 2015ರಲ್ಲೇ 900ನೇ ಕಾಯ್ದೆ ತಂದಿತ್ತು. ಸಗಟು ಬೆಲೆ ನಿಗದಿತ ಮಟ್ಟಕ್ಕಿಂತ ಹೆಚ್ಚು ಏರಿದರೆ ಪಿಬಿಎಂ ಏಳು ದಿನದೊಳಗೆ ದರಪಟ್ಟಿ ತಿದ್ದಬೇಕು. ಅಂಗಡಿಯವನು ಮೇಲ್ಮನವಿ ಸಲ್ಲಿಸಿ ಕೊಂಡ ಬೆಲೆಯಷ್ಟಾದರೂ ಪಡೆಯಬಹುದು. ನಷ್ಟವಾಗುವುದಾದರೆ ಔಷಧಿ ಮಾರಲು ನಿರಾಕರಿಸಲೂಬಹುದು. ಈ ಕೊನೆಯ ಹಕ್ಕಿನ ಹೊರೆ ರೋಗಿಯ ಮೇಲೆ ಬೀಳುತ್ತದೆಂಬುದನ್ನು ಮರೆಯುವಂತಿಲ್ಲ.

ಪಿಬಿಎಂಗಳ ಸಂಘ ನ್ಯಾಯಾಲಯಕ್ಕೆ ಹೋಯಿತು. ಉದ್ಯೋಗದಾತರ ವಿಮಾ ಯೋಜನೆಗಳು 1974ರ ಎರಿಸಾ ಎಂಬ ಕೇಂದ್ರ ಕಾಯ್ದೆಯ ವ್ಯಾಪ್ತಿಯಲ್ಲಿವೆ, ರಾಜ್ಯಗಳು ಅಲ್ಲಿ ಕೈಹಾಕುವಂತಿಲ್ಲ ಎಂಬುದು ಅದರ ವಾದ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ತೀರ್ಪು ಬರೆದವರು ಸೋನಿಯಾ ಸೊಟೊಮಯೋರ್. ಕಾಯ್ದೆಯಿಂದ ಯೋಜನೆಯ ಖರ್ಚು ಹೆಚ್ಚಬಹುದು, ಆದರೆ ಯಾವ ಸೌಲಭ್ಯ ಕೊಡಬೇಕೆಂದು ಅದು ಕಟ್ಟುಪಾಡು ಮಾಡುವುದಿಲ್ಲ ಎಂಬುದು ತೀರ್ಪಿನ ತಿರುಳು. ಈ ತೀರ್ಪಿಗೂ ಎಲ್ಲೆಯಿದೆ. ರೋಗಿ ತನಗೆ ಬೇಕಾದ ಅಂಗಡಿಗೆ ಹೋಗುವ ಹಕ್ಕು ಕೊಟ್ಟ ಒಕ್ಲಹೋಮದ 2019ರ ಕಾಯ್ದೆಯ ಹಲವು ಅಂಶಗಳನ್ನು ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಎರಿಸಾ ಕಾರಣಕ್ಕೇ ಅನೂರ್ಜಿತಗೊಳಿಸಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ದರದ ಬಗ್ಗೆ ರಾಜ್ಯ ಮಾತಾಡಬಹುದು, ಯೋಜನೆಯ ಸ್ವರೂಪದ ಬಗ್ಗೆ ಹಾಗೆ ಮಾತಾಡಲಾಗದು.

ನ್ಯಾಯವಾದ ದರಕ್ಕೆ ಅಳತೆಗೋಲು ಇಲ್ಲದಿಲ್ಲ. ಅಂಗಡಿಗಳು ನಿಜವಾಗಿ ಕೊಟ್ಟ ಬೆಲೆಯ ರಾಷ್ಟ್ರೀಯ ಸರಾಸರಿಯನ್ನು ಕೇಂದ್ರ ಸರ್ಕಾರ ಪ್ರಕಟಿಸುತ್ತದೆ. ಅದಕ್ಕೆ ಔಷಧಿ ಕೊಡುವ ಶ್ರಮದ ಶುಲ್ಕ ಸೇರಿಸಿದರೆ ದರ ಸಿದ್ಧ. ವೆಸ್ಟ್ ವರ್ಜೀನಿಯಾದಲ್ಲಿ ಆ ಶುಲ್ಕ 10.49 ಡಾಲರ್. ಇದರಿಂದ ವಿಮೆಯ ಕಂತು ಏರುತ್ತದೆ, ಅಗ್ಗವಾಗಿ ಕೊಳ್ಳುವ ಉತ್ಸಾಹ ಅಂಗಡಿಯವರಲ್ಲಿ ಕುಗ್ಗುತ್ತದೆ ಎಂದು ಪಿಬಿಎಂಗಳು ಆಕ್ಷೇಪಿಸುತ್ತವೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಸ್ವಂತ ಅಂಗಡಿಗಳ ವಿಷಯದಲ್ಲಿ ಅವು ಇಂಥ ಬಿಗಿ ತೋರಿಲ್ಲ. ಇಮ್ಯಾಟಿನಿಬ್ ಸೇರಿ ಎರಡು ಕ್ಯಾನ್ಸರ್ ಔಷಧಿಗಳಲ್ಲಿ, ಮೂರು ವರ್ಷಕ್ಕೂ ಕಡಿಮೆ ಅವಧಿಯಲ್ಲಿ, ಪಿಬಿಎಂಗಳ ಸೋದರ ಅಂಗಡಿಗಳಿಗೆ ಆ ಸರಾಸರಿ ಬೆಲೆಗಿಂತ ಸುಮಾರು 160 ಕೋಟಿ ಡಾಲರ್ ಹೆಚ್ಚು ಸಂದಿತ್ತೆಂದು ಸ್ಪರ್ಧಾ ನಿಯಂತ್ರಕ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ವರದಿ ಮಾಡಿತು.

ಅರ್ಕಾನ್ಸಾ 2025ರಲ್ಲಿ ಬೇರಿಗೇ ಕೈಹಾಕಿತು: ಪಿಬಿಎಂ ನಡೆಸುವವರು ರಾಜ್ಯದಲ್ಲಿ ಔಷಧಿ ಅಂಗಡಿ ಹೊಂದುವಂತಿಲ್ಲ ಎಂದು ದೇಶದಲ್ಲೇ ಮೊದಲ ಕಾಯ್ದೆ ಮಾಡಿತು. ಅದು ಹೊರರಾಜ್ಯದ ಕಂಪನಿಗಳ ವಿರುದ್ಧ ತಾರತಮ್ಯ ಮಾಡುವಂತೆ ಕಾಣುತ್ತದೆಂದು ಅದೇ ವರ್ಷದ ಜುಲೈನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಜಾರಿಗೆ ಮುನ್ನವೇ ತಡೆ ನೀಡಿದರು.