ಸ್ವರ್ಗದಲ್ಲಿ ಕೋಲಾಹಲವೆಬ್ಬಿಸಿದ ವಾನರನೂ ನಮ್ಮ ಹನುಮಂತನೂ

ಚೀನಾದೇಶದ ಪುರಾಣಕಥೆಯೊಂದನ್ನು ಆಧಾರವಾಗಿಟ್ಟುಕೊಂಡು ಶಾಂಘೈ ಅನಿಮೇಷನ್ ಚಿತ್ರಶಾಲೆಯವರು ತಯಾರಿಸಿದ ಚಲಚ್ಚಿತ್ರವೊಂದುಂಟು. ಅದರ ಹೆಸರನ್ನು ಕನ್ನಡದಲ್ಲಿ ‘ಸ್ವರ್ಗದಲ್ಲಿ ಕೋಲಾಹಲ’ ಎನ್ನಬಹುದು. ಇದರ ಮೊದಲ ಭಾಗ ೧೯೬೧ರಲ್ಲಿಯೂ ಎರಡನೆಯ ಭಾಗ ೧೯೬೪ರಲ್ಲಿಯೂ ಮುಗಿದುವು. ನಿರ್ದೇಶಕನು ವಾನ್ ಲೈಮಿಂಗ್. ಇದರಲ್ಲಿ ನಟರಿಲ್ಲ, ಕೈಯಿಂದ ಬರೆದ ಚಿತ್ರಗಳೇ ಒಂದರ ಹಿಂದೊಂದು ಸರಿದು ಸುಮಾರು ಎರಡು ಗಂಟೆಗಳ ಕಾಲ ಕಥೆಯನ್ನು ನಡೆಸುತ್ತವೆ. ಇತಿಹಾಸದ ಅಧ್ಯಾಪಕರಾದ ನಮಗೆ ಚಲಚ್ಚಿತ್ರದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆಯ ವಿದ್ಯಾರ್ಥಿಗಳು ಈ ಚಿತ್ರದ ನಾಯಕನನ್ನು ಕಂಡಾಗ ಸಹಜವಾಗಿಯೇ ಹುಟ್ಟುವ ಪ್ರಶ್ನೆಯೊಂದು ಇತಿಹಾಸಕ್ಕೆ ಸೇರಿದುದು: “ಇವನು ನಮ್ಮ ಹನುಮಂತನೇ ಅಲ್ಲವೆ?”

ಹೀಗೆ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ರಾಮನಗರದ ಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿಯಿದೆ. ಅಲ್ಲಿಂದ ಚನ್ನಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿಯೇ ಕೆಂಗಲ್ ಆಂಜನೇಯನ ಸನ್ನಿಧಿ. ಕೆಂಪು ಕಲ್ಲಿನಿಂದಲೇ ಆ ಸ್ಥಳಕ್ಕೆ ಹೆಸರು ಬಂತೆನ್ನುತ್ತಾರೆ. ಚಿತ್ರದ ನಾಯಕನಾದ ಸುನ್ ವುಕೋಂಗನೂ ವಾನರ. ಅವನೂ ಆಕಾಶದಲ್ಲಿ ಹಾರುತ್ತಾನೆ, ರೂಪವನ್ನು ಹಿಗ್ಗಿಸಿ ಕುಗ್ಗಿಸುತ್ತಾನೆ. ಪೂರ್ವ ಸಮುದ್ರದ ನಾಗರಾಜನಲ್ಲಿಗೆ ಹೋಗಿ ಅಲ್ಲಿದ್ದ ಮಹಾಸ್ತಂಭವನ್ನೇ ಕಿತ್ತು ಆಯುಧವಾಗಿ ಮಾಡಿಕೊಳ್ಳುತ್ತಾನೆ. ಬೇಡವಾದಾಗ ಅದನ್ನು ಸೂಜಿಯಷ್ಟು ಮಾಡಿ ಕಿವಿಯಲ್ಲಿ ಸಿಕ್ಕಿಸಿಕೊಳ್ಳುತ್ತಾನೆ.

ಸ್ವರ್ಗದ ಅಧಿಪತಿಯು ಇವನನ್ನು ಹತೋಟಿಯಲ್ಲಿಡಲು ಕುದುರೆಲಾಯದ ಅಧಿಕಾರವನ್ನು ಕೊಡುತ್ತಾನೆ. ಅದು ಕೀಳು ಹುದ್ದೆಯೆಂದು ತಿಳಿದೊಡನೆ ವಾನರನು ಸಿಟ್ಟಾಗಿ ತನ್ನ ಬೆಟ್ಟಕ್ಕೆ ಮರಳಿ, ‘ಸ್ವರ್ಗಕ್ಕೆ ಸಮನಾದ ಮಹರ್ಷಿ’ ಎಂಬ ಬಿರುದನ್ನು ತಾನೇ ಧರಿಸುತ್ತಾನೆ. ಮುಂದೆ ದೇವತೆಗಳ ತೋಟದ ಅಮರಫಲಗಳನ್ನು ತಿಂದು, ಔತಣದ ಮದ್ಯವನ್ನು ಕುಡಿದು, ಸಿದ್ಧೌಷಧವನ್ನೂ ನುಂಗುತ್ತಾನೆ. ಹಿಡಿದು ಕುಲುಮೆಯಲ್ಲಿ ೪೯ ದಿನ ಬೇಯಿಸಿದರೂ ಸಾಯದೆ ಹೊರಬಂದು ಅರಮನೆಯನ್ನು ಧ್ವಂಸಮಾಡುತ್ತಾನೆ. ಮೂಲಗ್ರಂಥವಾದ ‘ಪಶ್ಚಿಮಯಾತ್ರೆ’ಯಲ್ಲಿ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ವು ಚೆಂಗ್‌ಎನ್ ರಚಿಸಿದನೆಂದು ಸಾಮಾನ್ಯವಾಗಿ ಹೇಳುವ, ೧೫೯೨ರಲ್ಲಿ ಮುದ್ರಿತವಾದ ಆ ಕಾದಂಬರಿಯಲ್ಲಿ ಬುದ್ಧನು ಬಂದು ವಾನರನನ್ನು ಬೆಟ್ಟದ ಕೆಳಗೆ ೫೦೦ ವರ್ಷ ಬಂಧಿಸಿಡುತ್ತಾನೆ. ಚಿತ್ರಕಾರರು ಇದನ್ನು ಬಿಟ್ಟು, ವಾನರನು ಗೆದ್ದು ತನ್ನ ಪರಿವಾರಕ್ಕೆ ಹಿಂದಿರುಗುವುದರೊಂದಿಗೆ ಮುಗಿಸಿದ್ದಾರೆ. ಅಧಿಕಾರವನ್ನು ಎದುರಿಸಿದವನು ಸೋಲಬಾರದೆಂಬುದು ಆಗಿನ ಚೀನಾದ ರಾಜಕೀಯಕ್ಕೆ ಒಪ್ಪುವ ಮಾತಾಗಿತ್ತು. ಆದರೂ ೧೯೬೬ರಲ್ಲಿ ಸಾಂಸ್ಕೃತಿಕ ಕ್ರಾಂತಿ ತೊಡಗಿದಾಗ ಇದೇ ಚಿತ್ರ ತೆರೆಮರೆಗೆ ಸರಿಯಿತು. ಗೆದ್ದ ವಾನರನಿಗೂ ರಕ್ಷಣೆ ಸಿಗಲಿಲ್ಲ!

ಈಗ ಮೂಲಪ್ರಶ್ನೆಗೆ ಬರೋಣ. ಸುನ್ ವುಕೋಂಗನು ಹನುಮಂತನ ಸಂತತಿಯೆಂಬ ಊಹೆಯನ್ನು ಮಂಡಿಸಿದವರು ನಮ್ಮವರಲ್ಲ, ಚೀನೀ ವಿದ್ವಾಂಸರೇ. ೧೯೨೩ರಲ್ಲಿ ಹು ಷಿ ಈ ಅಭಿಪ್ರಾಯವನ್ನು ಮುಂದಿಟ್ಟನು. ಅದೇ ಕಾಲದ ಲು ಷುನ್ ಅದನ್ನೊಪ್ಪದೆ, ಹುವಾಯ್ ನದಿಯಲ್ಲಿದ್ದ ವುಝಿಚಿ ಎಂಬ ವಾನರಾಕಾರದ ಜಲಪಿಶಾಚಿಯ ಕಥೆಯೇ ಮೂಲವೆಂದನು. ಆ ಪಿಶಾಚಿಯನ್ನೂ ಸರಪಳಿಯಲ್ಲಿ ಬಿಗಿದು ಬೆಟ್ಟದಡಿಯಲ್ಲಿ ಇಟ್ಟರೆಂಬುದು ಗಮನಾರ್ಹ. ವಾಲ್ಮೀಕಿ ರಾಮಾಯಣವನ್ನು ಚೀನೀ ಭಾಷೆಗೆ ಪೂರ್ಣವಾಗಿ ತಂದ ಜಿ ಶಿಯಾನ್‌ಲಿನ್ ಮತ್ತೆ ಹು ಷಿಯ ಪಕ್ಷವನ್ನೇ ಹಿಡಿದನು.

ಪ್ರಮಾಣಗಳೇನು? ಕ್ರಿ.ಶ. ೨೫೧ರಲ್ಲಿ ಕಾಂಗ್ ಸೆಂಗ್‌ಹುಯಿ ಎಂಬ ಭಿಕ್ಷು ಚೀನೀ ಭಾಷೆಗೆ ತಂದ ಜಾತಕವೊಂದರಲ್ಲಿ, ರಾಜ್ಯ ತೊರೆದ ರಾಜ, ನಾಗನಿಂದ ಅಪಹೃತಳಾದ ರಾಣಿ, ಸಮುದ್ರಕ್ಕೆ ದಾರಿ ಕಟ್ಟುವ ಕಪಿಸೇನೆ, ಇವೆಲ್ಲ ಇವೆ. ಹನುಮಂತನ ಹೆಸರು ಮಾತ್ರ ಇಲ್ಲ. ಉಪಾಯ ಹೇಳುವ ಸಣ್ಣ ಕಪಿಯು ಇಂದ್ರನ ವೇಷವಂತೆ. ೪೭೨ರ ಇನ್ನೊಂದು ಅನುವಾದದಲ್ಲಿ ದಶರಥನ ಕಥೆಯಿದೆ, ಆದರೆ ಸೀತಾಪಹರಣವಿಲ್ಲ. ಹೀಗೆ ಕಥೆಯು ತುಂಡುತುಂಡಾಗಿ ಅಲ್ಲಿಗೆ ತಲುಪಿತ್ತೆಂಬುದು ನಿಶ್ಚಯ. ಸಮುದ್ರಮಾರ್ಗದ ಸಾಕ್ಷ್ಯವೂ ಉಂಟು. ಕ್ವಾನ್‌ಝೌ ಬಂದರಿನ ಕೈಯುವಾನ್ ದೇವಾಲಯದ ಪಶ್ಚಿಮಗೋಪುರದಲ್ಲಿ ೧೩ನೆಯ ಶತಮಾನದ ವಾನರಯೋಧನ ಉಬ್ಬುಶಿಲ್ಪವಿದೆ. ಅದೇ ಊರಿನಲ್ಲಿ ೧೨೮೧ರ ತಮಿಳು ಶಾಸನವೂ ಶಿವಾಲಯದ ಅವಶೇಷಗಳೂ ದೊರೆತಿವೆ.

ಇಲ್ಲಿ ನಮ್ಮ ಪ್ರಾಂತಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಬೇಕು. ಎಪಿಗ್ರಾಫಿಯಾ ಕರ್ನಾಟಿಕಾದ ೯ನೆಯ ಸಂಪುಟವನ್ನು ತೆರೆದರೆ ಚನ್ನಪಟ್ಟಣ ತಾಲ್ಲೂಕಿನಲ್ಲಿ, ಮುಖ್ಯವಾಗಿ ಮಳೂರಿನ ಸುತ್ತ, ಚೋಳರ ಕಾಲದ ತಮಿಳು ಶಾಸನಗಳು ಕಾಣುತ್ತವೆ. ಆ ಚೋಳರು ೧೦೧೫, ೧೦೩೩, ೧೦೭೭ರಲ್ಲಿ ಚೀನಾ ಆಸ್ಥಾನಕ್ಕೆ ದೂತರನ್ನು ಕಳುಹಿಸಿದ್ದರು. ಇದನ್ನು ಕೇಳಿದೊಡನೆ “ಹಾಗಾದರೆ ನಮ್ಮೂರಿನ ಹನುಮಂತನೇ ಹಡಗು ಹತ್ತಿದನು” ಎನ್ನುವ ಉತ್ಸಾಹ ಸಲ್ಲದು. ಒಂದೇ ಪ್ರಭುತ್ವದ ಕೆಳಗೆ ಎರಡು ಸ್ಥಳಗಳಿದ್ದುವೆಂಬುದರಿಂದ ಕಥೆಯೊಂದು ಒಂದೆಡೆಯಿಂದ ಇನ್ನೊಂದೆಡೆಗೆ ಹೋಯಿತೆಂದು ಸಿದ್ಧವಾಗುವುದಿಲ್ಲ. ಸಾಮ್ಯ ಬೇರೆ, ಸಂಕ್ರಮಣ ಬೇರೆ. ನಮ್ಮ ಪದವಿ ತರಗತಿಗಳಲ್ಲಿ ಈ ಭೇದವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ಕರ್ನಾಟಕಕ್ಕೆ ನಿಶ್ಚಿತವಾಗಿ ಸೇರಿದ ನಂಟು ವಾನರನದಲ್ಲ, ಯಾತ್ರಿಕನದು. ಕಾದಂಬರಿಯಲ್ಲಿ ಬಿಡುಗಡೆಯಾದ ಮೇಲೆ ಸುನ್ ವುಕೋಂಗನು ಶಿಷ್ಯನಾಗಿ ಹಿಂಬಾಲಿಸುವ ಭಿಕ್ಷು ಬೇರೆ ಯಾರೂ ಅಲ್ಲ, ೬೪೫ರಲ್ಲಿ ಚೀನಾಕ್ಕೆ ಮರಳಿದ ಹ್ಯೂಯೆನ್ ತ್ಸಾಂಗನೇ. ಅವನು ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿ, ಹರ್ಷನಿಗೂ ಅದು ವಶವಾಗಲಿಲ್ಲವೆಂದು ಬರೆದಿಟ್ಟನು. ಮದವೇರಿಸಿದ ಆನೆಗಳನ್ನು ಯುದ್ಧಕ್ಕೆ ಬಿಡುತ್ತಿದ್ದ ಆ ನಾಡನ್ನು ಕಂಡ ನಿಜವಾದ ಯಾತ್ರಿಕನೇ ಸುಮಾರು ೯೦೦ ವರ್ಷಗಳ ಅನಂತರ ಅದ್ಭುತಕಥೆಯೊಂದರ ಪಾತ್ರವಾದನು.

ಸ್ವಭಾವದಲ್ಲಿ ಇಬ್ಬರು ವಾನರರಿಗೂ ಇರುವ ಅಂತರ ದೊಡ್ಡದು. ನಮ್ಮ ಊರುಗಳ ಆಂಜನೇಯನು ದಾಸ, ರಾಮನಿಲ್ಲದೆ ಅವನಿಲ್ಲ. ಸುನ್ ವುಕೋಂಗನು ಯಾರ ದಾಸನೂ ಅಲ್ಲ, ಕಡೆಯ ಪಕ್ಷ ಈ ಚಿತ್ರದಲ್ಲಿ. ಆದರೆ ಸೂರ್ಯನನ್ನು ಹಣ್ಣೆಂದು ಭ್ರಮಿಸಿ ನೆಗೆದು, ಇಂದ್ರನ ವಜ್ರದಿಂದ ಪೆಟ್ಟುತಿಂದ ಬಾಲಹನುಮಂತನನ್ನು ನೆನೆದರೆ, ಅವನೂ ಒಮ್ಮೆ ಸ್ವರ್ಗದಲ್ಲಿ ಕೋಲಾಹಲವೆಬ್ಬಿಸಿದವನೇ ಸರಿ.

ಕಥೆಗಿಂತಲೂ ಚಿತ್ರದ ರೂಪವು ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚುತ್ತದೆ. ವಾನ್ ಸಹೋದರರು ೧೯೪೧ರಲ್ಲಿಯೇ, ಜಪಾನೀಯರು ಸುತ್ತುವರಿದಿದ್ದ ಶಾಂಘೈಯಲ್ಲಿ, ಇದೇ ಕಾದಂಬರಿಯ ಇನ್ನೊಂದು ಪ್ರಸಂಗವನ್ನು ಪೂರ್ಣಪ್ರಮಾಣದ ಚಿತ್ರವನ್ನಾಗಿ ಮಾಡಿದ್ದರು. ಅದರಲ್ಲಿ ಅಮೆರಿಕದ ಡಿಸ್ನಿಯ ಛಾಯೆ ಉಂಟು. ೧೯೬೧ರ ಹೊತ್ತಿಗೆ ಅವರು ಪೆಕಿಂಗ್ ನಾಟಕದ ಮುಖವರ್ಣಿಕೆ, ನಡೆ, ತಾಳವಾದ್ಯಗಳನ್ನೂ ಜಾನಪದ ಚಿತ್ರಗಳ ಬಣ್ಣಗಳನ್ನೂ ಆರಿಸಿಕೊಂಡರು. ೧೯೫೮ರಲ್ಲಿ ವಾನ್ ಗುಚಾನ್ ಕತ್ತರಿಸಿದ ಕಾಗದದ ಆಕೃತಿಗಳಿಂದ ಚಿತ್ರ ಮಾಡಿದಾಗ ಚೀನಾದ ತೊಗಲುಗೊಂಬೆಯಾಟವೇ ಅವನಿಗೆ ಗುರುವಾಯಿತು. ನಮ್ಮಲ್ಲಿಯೂ ಫಿಲ್ಮ್ಸ್ ಡಿವಿಜನ್ನಿನವರು ೧೯೫೭ರಲ್ಲಿ ಜಾತಕಕಥೆಯೊಂದನ್ನು ಅಜಂತೆಯ ಶೈಲಿಯಲ್ಲಿ ಚಿತ್ರಿಸಿದರು. ತೊಗಲುಗೊಂಬೆಯ ಕಡೆಗೆ ಅವರ ದೃಷ್ಟಿ ಹೋಗಲಿಲ್ಲ.

ಹೋಗಬೇಕಾಗಿತ್ತೆಂಬುದು ನಮ್ಮ ಅಭಿಪ್ರಾಯ. ಕಿಳ್ಳೇಕ್ಯಾತರ ಗೊಂಬೆಗಳಲ್ಲಿ, ನೆರೆಯ ಆಂಧ್ರದ ಕೀಲುಗೊಂಬೆಗಳಲ್ಲಿ ಕಾಣದ ಒಂದು ವಿಶೇಷವುಂಟು. ಒಂದೇ ಚರ್ಮದಲ್ಲಿ ರಾವಣನ ಸಭೆ, ರಾಮನ ಪಟ್ಟಾಭಿಷೇಕ ಮುಂತಾದ ಇಡೀ ದೃಶ್ಯವನ್ನೇ ಕೊರೆದಿರುತ್ತಾರೆ. ಆಕೃತಿಗಳ ಗಾತ್ರವು ಪಾತ್ರಗಳ ಅಂತಸ್ತಿಗೆ ತಕ್ಕಂತೆ ಹೆಚ್ಚು ಕಡಮೆಯಾಗುತ್ತದೆ. ಇಂಥ ಗೊಂಬೆ ಸ್ವತಃ ಕೈಕಾಲು ಆಡಿಸದು. ದೀಪದ ಮುಂದೆ ಆಡಿಸುವವನ ಕೈಯೂ ಹಾಡುವವರ ಕಂಠವೂ ಅದಕ್ಕೆ ಚಲನೆ ಕೊಡಬೇಕು. ಚಿತ್ರಕಲಾ ಪರಿಷತ್ತಿನ ಎಂ. ಎಸ್. ನಂಜುಂಡರಾಯರು ಊರೂರು ತಿರುಗಿ ಸಾವಿರಾರು ಗೊಂಬೆಗಳನ್ನು ಸಂಗ್ರಹಿಸಿದರು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿಯೂ ಇವನ್ನು ನೋಡಬಹುದು; ನಮ್ಮ ನಾಲ್ಕು ತಾಲ್ಲೂಕುಗಳ ಕಾಲೇಜುಗಳಿಗೆ ಅದೇನೂ ದೂರವಲ್ಲ. ೨೦೨೫ರಲ್ಲಿ ಕೊಪ್ಪಳದ ಕಡೆಯ ವೃದ್ಧ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಿತು.

ಚರ್ಮವು ಸಂಗ್ರಹಾಲಯದಲ್ಲಿ ಉಳಿಯುತ್ತದೆ; ಅದರೊಡನೆ ಹಾಡುವ ಪದ್ಯ, ಕಿಳ್ಳೇಕ್ಯಾತ ಬಂಗಾರಕ್ಕರ ಹಾಸ್ಯ, ಯಾವ ಗೊಂಬೆಯಾದ ಮೇಲೆ ಯಾವುದು ಬರಬೇಕೆಂಬ ಕ್ರಮ, ಇವು ಆಡಿಸುವವರ ನೆನಪಿನಲ್ಲಿವೆ. ಗಾಜಿನ ಹಿಂದಿರುವ ಬಾಲವೆತ್ತಿದ ಹನುಮಂತನು ಲಂಕೆಯನ್ನು ಸುಡಲು ಹೊರಟವನೋ, ಮೈರಾವಣನ ಪಾತಾಳಕ್ಕೆ ಇಳಿಯುತ್ತಿರುವವನೋ ಎಂಬುದನ್ನು ಆಡಿಸಿದವರೇ ಹೇಳಬೇಕು. ಜಾನಪದ ಲೋಕಕ್ಕೆ ಹೋಗುವ ವಿದ್ಯಾರ್ಥಿಗಳು ಗೊಂಬೆಯ ಅಳತೆಯೊಂದಿಗೆ ಈ ವಿವರವನ್ನೂ ಕೇಳಿ ಬರೆದುಕೊಳ್ಳುವುದು ಅಗತ್ಯ.