ಗೂಟ ನೆಟ್ಟು ಕಾಯುವ ವಿಜ್ಞಾನ

ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಲ್ಲಿ ಗದ್ದೆ ಬದುವಿನ ಹಳೇ ಬೇಲಿಗೂಟವೊಂದನ್ನು ಕಿತ್ತು ನೋಡಿ. ಕಣ್ಣಿಗೆ ಗಟ್ಟಿಯಾಗೇ ಕಾಣುತ್ತದೆ. ನೆಲಮಟ್ಟದಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ಮಾತ್ರ ಒಳಕ್ಕೆ ಕುಸಿಯುತ್ತದೆ. ಕಾಗದದಷ್ಟು ತೆಳುವಾದ ಹೊರಸಿಪ್ಪೆ, ಒಳಗೆಲ್ಲ ಹಸಿಮಣ್ಣು. ಮರ ತಿಂದ ಜಾಗಕ್ಕೆ ಮಣ್ಣು ಮೆತ್ತುತ್ತಾ, ಬೆಳಕು ಸೋಕದಂತೆ ಗೆದ್ದಲು ಮೇಲಕ್ಕೇರಿರುತ್ತದೆ. ಗೂಟ ಸಾಮಾನ್ಯವಾಗಿ ಮುರಿಯುವುದು ಇದೇ ಗೇಣುದ್ದದಲ್ಲಿ. ತೇವ, ಗಾಳಿ ಎರಡೂ ಸಿಗುವುದರಿಂದ ಶಿಲೀಂಧ್ರಕ್ಕೂ ಅದೇ ಜಾಗ ಹಿತ.

ಹಾಗಾದರೆ ಯಾವ ಔಷಧಿ ಹಾಕಬೇಕು? ಇದಕ್ಕೆ ಉತ್ತರ ಹುಡುಕುವ ದಾರಿ ಸರಳ, ಆದರೆ ಬಹಳ ನಿಧಾನ. ಮರಕ್ಕೆ ಔಷಧಿ ಕುಡಿಸಿ, ಗೆದ್ದಲಿರುವ ನೆಲದಲ್ಲೇ ನೆಟ್ಟು, ವರ್ಷಗಟ್ಟಲೆ ಕಾಯಬೇಕು. ವಿಜ್ಞಾನಿಗಳು ಇದನ್ನು ಸ್ಮಶಾನ ಪರೀಕ್ಷೆ ಎನ್ನುತ್ತಾರೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಗಿ, ಈಗ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿರುವ ಬೆಂಗಳೂರಿನ ಮಲ್ಲೇಶ್ವರದ ಸಂಸ್ಥೆ ಇಂಥ ಕೆಲಸವನ್ನು ಹೊಸಕೋಟೆ ಕಡೆ ಮಾಡುತ್ತ ಬಂದಿದೆ. ಗೋಡಂಬಿ ಸಿಪ್ಪೆಯ ಎಣ್ಣೆಗೆ ತಾಮ್ರ ಸೇರಿಸಿದ್ದನ್ನೂ ಬೇವಿನೆಣ್ಣೆಯನ್ನೂ ಅಲ್ಲಿನವರು ಮರದ ಮೇಲೆ ಪರೀಕ್ಷಿಸಿದ್ದಾರೆ.

ಒಂದೇ ಅಳತೆಯ ಗೂಟಗಳನ್ನು ಒಣಗಿಸಿ ತೂಗುತ್ತಾರೆ, ಔಷಧಿ ಕುಡಿಸಿ ಮತ್ತೆ ತೂಗುತ್ತಾರೆ. ಮರ ಎಷ್ಟು ಹೀರಿತೆಂದು ತಿಳಿಯುವುದು ಹೀಗೆ. ಅರ್ಧ ಹೂತು, ಆಗಾಗ ಕಿತ್ತು, ಮಣ್ಣು ಒರೆಸಿ, ತಿಂದದ್ದಕ್ಕೆ ತಕ್ಕಂತೆ ಅಂಕ ಹಾಕಿ, ಅದೇ ಗುಳಿಯಲ್ಲಿ ಮತ್ತೆ ನಿಲ್ಲಿಸುತ್ತಾರೆ. ಔಷಧಿ ಕಾಣದ ಗೂಟಗಳೂ ಸಾಲಿನಲ್ಲಿರಲೇಬೇಕು. ನನಗೆ ಇಡೀ ಪರೀಕ್ಷೆಯ ಜೀವ ಆ ಬರೀ ಗೂಟಗಳಲ್ಲೇ ಇದೆ ಅನ್ನಿಸುತ್ತದೆ. ಅವು ಹುಡಿಯಾಗದಿದ್ದರೆ ಔಷಧಿ ಗೆದ್ದಿತೋ, ಆ ನೆಲದಲ್ಲಿ ಗೆದ್ದಲೇ ಇರಲಿಲ್ಲವೋ ಹೇಳುವಂತಿಲ್ಲ.

ನಮ್ಮ ದೇಶದ ಮರಗಳನ್ನು ವಿಂಗಡಿಸಿದ್ದೂ ಇಂಥ ಪರೀಕ್ಷೆಯಿಂದಲೇ. 120 ತಿಂಗಳು ದಾಟಿದರೆ ಮೊದಲ ದರ್ಜೆ, 60 ತಿಂಗಳೂ ಬಾಳದಿದ್ದರೆ ಮೂರನೆಯದು. ತೇಗ ಮೊದಲ ದರ್ಜೆಯದು. ಕಿರಂಗೂರಿಗೆ ಹತ್ತಿರದ ದರಿಯಾ ದೌಲತ್ ಬಾಗ್ ಅರಮನೆ 1784ರದು, ಬಹುಪಾಲು ತೇಗದ್ದೇ. ಆದರೆ ತೇಗದ ಗಟ್ಟಿತನವೆಲ್ಲ ನಡುವಿನ ಚೇಗಿನಲ್ಲಿದೆ. ಗೆದ್ದಲಿಗೆ ಒಗ್ಗದ ರಾಸಾಯನಿಕಗಳು ಅಲ್ಲೇ ಶೇಖರವಾಗುವುದು. ಸುತ್ತಲಿನ ಬಿಳಿಮರ ಯಾವ ಜಾತಿಯದಾದರೂ ಬೇಗ ಹಾಳಾಗುತ್ತದೆ. ಇಂದಿನ ಎಳೆಯ ಮರಗಳಲ್ಲಿ ಬಿಳಿಮರದ ಪಾಲೇ ಹೆಚ್ಚು, ಹಾಗಾಗಿ ಔಷಧಿ ಬೇಕಾಗುತ್ತದೆ.

ಮರದೊಳಕ್ಕೆ ವಿಷ ಸೇರಿಸುವುದಕ್ಕಿಂತ ಅದನ್ನು ಅಲ್ಲೇ ನಿಲ್ಲಿಸುವುದು ಕಷ್ಟ. ನೀರಿನಲ್ಲಿ ಕರಗಿ ಒಳಹೋದದ್ದು ಮಳೆನೀರಿನಲ್ಲಿ ಕರಗಿ ಹೊರಬರುತ್ತದೆ. ಈ ಗಂಟನ್ನು ಬಿಡಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. 1933ರಲ್ಲಿ ಅವರು ತಾಮ್ರ, ಆರ್ಸೆನಿಕ್ ಲವಣಗಳಿಗೆ ಕ್ರೋಮಿಯಂ ಸೇರಿಸಿದರು. ಮರದೊಳಗೆ ಕ್ರೋಮಿಯಂ ಅವೆರಡನ್ನೂ ಕರಗದಂತೆ ಕಟ್ಟಿಹಾಕಿತು. ತಾಮ್ರ ಶಿಲೀಂಧ್ರವನ್ನೂ ಆರ್ಸೆನಿಕ್ ಗೆದ್ದಲನ್ನೂ ತಡೆದವು. ಲೋಕವೆಲ್ಲ ಬಳಸಿದ ಈ ಮಿಶ್ರಣ, ಆರ್ಸೆನಿಕ್ಕಿನ ಭಯದಿಂದ 2003ರ ಕೊನೆಗೆ ಅಮೆರಿಕದ ಮನೆಬಳಕೆಯ ಮರಗಳಲ್ಲಿ ಬಹುತೇಕ ನಿಂತಿತು. ಬೊರಾಕ್ಸ್, ಬೋರಿಕ್ ಆಮ್ಲಗಳ ದ್ರಾವಣ ಮನುಷ್ಯರಿಗೆ ಅಷ್ಟು ಅಪಾಯವಲ್ಲ. ಸೂರಿನಡಿಯ ತೊಲೆ, ಜಂತೆಗಳಿಗೆ ಒಳ್ಳೆಯದು. ಬೇಲಿಗೂಟಕ್ಕೆ ಆಗದು, ಮಳೆಗೆ ತೊಳೆದುಹೋಗುತ್ತದೆ.

ನಾವು ಬ್ರಷ್ಷಿನಲ್ಲಿ ಎರಡು ಸಲ ಬಳಿದು ನೆಮ್ಮದಿಯಾಗಿ ಕೂರುವುದೇ ತಪ್ಪು. ತಾಮ್ರದ ಔಷಧಿ ಹಾಕಿದ ಮರವನ್ನು ಅಡ್ಡ ಕೊಯ್ದು, ತಾಮ್ರ ತಾಕಿದರೆ ಕಡುನೀಲಿಯಾಗುವ ದ್ರಾವಣ ಸಿಂಪಡಿಸಿ ನೋಡುತ್ತಾರೆ. ಮುಚ್ಚಿದ ಉಕ್ಕಿನ ಸಿಲಿಂಡರಿನಲ್ಲಿ ಗಾಳಿ ಹೀರಿ, ಒತ್ತಡದಿಂದ ಔಷಧಿ ನುಗ್ಗಿಸಿದ ಮರದಲ್ಲಿ ನೀಲಿ ಅಗಲವಾಗಿ ಹರಡಿರುತ್ತದೆ. ಬರೀ ಬಳಿದ ಮರದಲ್ಲಿ ಅಂಚಿಗೊಂದು ಗೆರೆ, ಅಷ್ಟೆ. ಬಿಸಿಲಿಗೆ ಮರ ಸಣ್ಣದಾಗಿ ಬಿರಿದರೂ ಆ ಗೆರೆ ತುಂಡಾಗುತ್ತದೆ, ಗೆದ್ದಲಿಗೆ ಬಾಗಿಲು ತೆರೆಯುತ್ತದೆ. ಹಾಗಾಗಿ ಕೊಯ್ಯುವುದು, ತೂತು ಕೊರೆಯುವುದು, ಗೂಟದ ತುದಿ ಚೂಪು ಮಾಡುವುದು ಎಲ್ಲ ಮುಗಿದ ಮೇಲೆಯೇ ಔಷಧಿ ಕುಡಿಸಬೇಕು. ಆರ್ಸೆನಿಕ್ ಕುಡಿದ ಹಸಿರುಛಾಯೆಯ ಹಳೇ ಕಂಬದ ತುಂಡನ್ನು ಮಾತ್ರ ನೀರೊಲೆಗೆ ಹಾಕಲೇಬೇಡಿ. ಅದರ ಹೊಗೆಯಲ್ಲೂ ವಿಷ, ಬೂದಿಯಲ್ಲೂ ವಿಷ.